ನಿಮಿಷಕ್ಕೆ ಏಳಡಿ ಮೆರವಣಿಗೆ

ಬೆಳಿಗ್ಗೆ ಎಂಟಕ್ಕೆಲ್ಲ ಕಾಲ್ಬಿ ಅವೆನ್ಯೂವಿನ ಎರಡೂ ಅಂಚಿಗೆ ಮಡಚು ಕುರ್ಚಿಗಳು ಬಂದು ಕೂತಿವೆ. ಕೂರಬೇಕಾದವರು ಇನ್ನೂ ಬಂದಿಲ್ಲ. ಒಂದರ ಕೈಗೆ ಟವೆಲ್ಲು ಸುತ್ತಿದೆ, ಇನ್ನೊಂದರ ಮೇಲೆ ಮಗುವಿನ ಟೋಪಿ, ಮತ್ತೊಂದರ ಅಡಿಯಲ್ಲಿ ಐಸ್ ತುಂಬಿದ ಡಬ್ಬ. ಯಾರೂ ಯಾರ ಕುರ್ಚಿಯನ್ನೂ ಸರಿಸುವುದಿಲ್ಲ. ಕೊಲ್ಲಿಯ ಕಡೆಯಿಂದ ಉಪ್ಪುಗಾಳಿ ಬೀಸುತ್ತಿದೆ, ಅದರ ಹಿಂದೆಯೇ ಗೂಡ್ಸ್ ರೈಲಿನ ಉದ್ದನೆಯ ಕೂಗು. ಮೂಲೆಯಲ್ಲೊಬ್ಬ ದೊಡ್ಡ ಕಡಾಯಿಯಲ್ಲಿ ಸಕ್ಕರೆ ಹಾಕಿ ಜೋಳ ಅರಳಿಸುತ್ತಿದ್ದಾನೆ. ಆ ಕಂದು ಬಣ್ಣದ ಸಿಹಿ ವಾಸನೆ ಅಕ್ಕಪಕ್ಕದ ಅಂಗಡಿಗಳ ಮುಚ್ಚಿದ ಬಾಗಿಲುಗಳನ್ನೆಲ್ಲ ಮುಟ್ಟಿ ಬರುತ್ತಿದೆ. ಮೊದಲು ಈ ಊರಿಗೆ ಬೇರೆಯದೇ ವಾಸನೆ ಇತ್ತಂತೆ. ಮರದ ಮಿಲ್ಲು, ಕಾಗದದ ಮಿಲ್ಲುಗಳ ಊರು ಇದು, ಹೊಗೆಗೊಳವೆಗಳ ಊರೆಂದೇ ಹೆಸರು. ಕಡಲ ದಂಡೆಯ ಕೊನೆಯ ದೊಡ್ಡ ಕಾಗದದ ಮಿಲ್ಲು 2012ರಲ್ಲಿ ಬಾಗಿಲು ಹಾಕಿತು. ಹಳಬರು ಈಗಲೂ ಗಾಳಿ ತಿರುಗಿದರೆ ಮೂಗು ಅರಳಿಸಿ ನೋಡುತ್ತಾರೆ.

ನೀವೂ ಇಲ್ಲೇ ನನ್ನ ಪಕ್ಕ ನಿಂತುಕೊಳ್ಳಿ, ಜಾಗ ಇದೆ. ಇವತ್ತು ಜುಲೈ 4, ಅಮೆರಿಕದ ಸ್ವಾತಂತ್ರ್ಯ ದಿನ. ಸಿಯಾಟಲ್‌ನಿಂದ ಉತ್ತರಕ್ಕೆ ನಲವತ್ತು ಕಿಲೋಮೀಟರ್ ದೂರದ ಈ ಎವರೆಟ್‌ನಲ್ಲಿ ಮೆರವಣಿಗೆ ಹೊರಡುವುದು ಹನ್ನೊಂದಕ್ಕೆ. ಹತ್ತೂವರೆಗೆ ಕುರ್ಚಿಗಳೆಲ್ಲ ತುಂಬಿ, ಕುರ್ಚಿಯ ಹಿಂದೆ ನಿಂತವರ ಸಾಲು, ಅವರ ಹಿಂದೆ ಹೆಗಲ ಮೇಲೆ ಮಕ್ಕಳನ್ನು ಹೊತ್ತವರ ಸಾಲು. ಸನ್‌ಸ್ಕ್ರೀನಿನ ತೆಂಗಿನೆಣ್ಣೆ ಘಮ, ಸುಡುತ್ತಿರುವ ಸಾಸೇಜಿನ ಹೊಗೆ, ನಾಯಿಗಳ ತಾಳ್ಮೆಗೆಟ್ಟ ಉಸಿರು. ಆಮೇಲೆ ಕಿವಿಗಿಂತ ಮೊದಲು ಅಂಗಾಲಿಗೆ ಗೊತ್ತಾಗುವ ಹಾಗೆ ದೂರದಲ್ಲೆಲ್ಲೋ ಡ್ರಮ್ಮು.

ಎಲ್ಲರ ಕೈಯೂ ಜೇಬಿಗೆ ಹೋಗಿ, ಎಲ್ಲರ ಫೋನೂ ತಲೆಯ ಮೇಲೆ ಏಳುತ್ತದೆ. ನನ್ನ ಜೊತೆಗಿರುವ ನಂಜನಗೂಡಿನ ಗೆಳೆಯರೊಬ್ಬರನ್ನು ಬಿಟ್ಟು. ಅವರ ಕ್ಯಾಮೆರಾ ಮುಕ್ಕಾಲಿಯ ಮೇಲೆ ಗಟ್ಟಿಯಾಗಿ ಕೂತಿದೆ, ಬೀದಿಗೆ ಅಡ್ಡಲಾಗಿ ಎದುರು ಅಂಗಡಿಯ ಕಿಟಕಿಯನ್ನು ನೋಡುತ್ತಿದೆ. ಬ್ಯಾಂಡು ಬಂದರೂ ತಿರುಗುವುದಿಲ್ಲ, ಕುದುರೆ ಬಂದರೂ ತಿರುಗುವುದಿಲ್ಲ. ಅವರು ಪಕ್ಕದಲ್ಲಿ ನಿಂತು ಕಡಲೆಕಾಯಿ ಬಿಡಿಸಿ ತಿನ್ನುತ್ತಿದ್ದಾರೆ. ‘ನಾವ್ ಯಾಕ್ ಸಾರ್ ಓಡಾಡ್ಬೇಕು? ಮೆರವಣಿಗೆ ತಾನೇ ಓಡಾಡಕ್ಕೆ ಬಂದಿರೋದು’ ಅನ್ನುತ್ತಾರೆ.

ಬಾಗಿಲನ್ನು ಒಂದಂಗುಲ ತೆರೆದಿಟ್ಟು ಸಂದಿನಿಂದ ಬೀದಿ ನೋಡಿದ್ದೀರಲ್ಲ? ಒಂದು ಹೊತ್ತಿಗೆ ಕಾಣುವುದು ಒಂದು ಸೀಳು ಮಾತ್ರ. ಆದರೆ ಬೀದಿಯಲ್ಲಿ ಹೋಗುವವರು ಮೂಗು, ಕಿವಿ, ಬೆನ್ನು ಅಂತ ಸರದಿಯಲ್ಲಿ ಆ ಸೀಳಿನ ಮುಂದೆ ಹಾದುಹೋಗುತ್ತಾರೆ, ನೋಡುವವನ ತಲೆಯಲ್ಲಿ ಅವರು ಇಡೀ ಮನುಷ್ಯರಾಗಿ ಕೂಡಿಕೊಳ್ಳುತ್ತಾರೆ. ಈ ಕ್ಯಾಮೆರಾ ಮಾಡುವುದೂ ಅಷ್ಟೇ. ವಿಡಿಯೊ ಓಡುತ್ತದೆ, ಪ್ರತಿ ಫ್ರೇಮಿನ ನಡುಮಧ್ಯದಿಂದ ಒಂದು ತೆಳು ಸೀಳನ್ನು ಕತ್ತರಿಸಿ, ಒಂದರ ಪಕ್ಕ ಒಂದು ಅಂಟಿಸುತ್ತಾ ಹೋಗಬೇಕು. ಸಿಕ್ಕುವ ಚಿತ್ರದಲ್ಲಿ ಎಡದಿಂದ ಬಲಕ್ಕೆ ಇರುವುದು ಜಾಗವಲ್ಲ, ಹೊತ್ತು. ಎಡತುದಿಯಲ್ಲಿ ಹನ್ನೊಂದು ಗಂಟೆ, ಬಲತುದಿಯಲ್ಲಿ ಹನ್ನೊಂದು ಗಂಟೆ ಮೂರು ನಿಮಿಷ. ಕುದುರೆ ಪಂದ್ಯದಲ್ಲಿ ಯಾವ ಕುದುರೆಯ ಮೂಗು ಮೊದಲು ಗೆರೆ ದಾಟಿತು ಅಂತ ತೀರ್ಮಾನಿಸುವ ಫೋಟೊ ಫಿನಿಶ್ ಕ್ಯಾಮೆರಾದ ಉಪಾಯವೂ ಇದೇ. ಸ್ಲಿಟ್-ಸ್ಕ್ಯಾನ್ ಅನ್ನುತ್ತಾರೆ.

ಸೀಳು ಎಷ್ಟು ಅಗಲ ಇರಬೇಕು ಅನ್ನುವುದರಲ್ಲೇ ಇವರ ಕೈಚಳಕ. ತೀರಾ ತೆಳುವಾದರೆ ಬ್ಯಾಂಡಿನವರೆಲ್ಲ ಸೂಜಿಗಳಾಗುತ್ತಾರೆ, ದಪ್ಪವಾದರೆ ಕುಂಬಳಕಾಯಿಗಳು. ಮುಂದೆ ಬರುವವರ ನಡಿಗೆಯ ವೇಗಕ್ಕೆ ಸೀಳನ್ನು ಹೊಂದಿಸಬೇಕು. ಈ ಬೀದಿಯಲ್ಲಿ, ಈ ದೂರದಲ್ಲಿ, ಕವಾಯತಿನ ನಡಿಗೆಗೆ ಪ್ರತಿ ಫ್ರೇಮಿಗೆ ಏಳು ಪಿಕ್ಸೆಲ್ ಅಂತ ಗೆಳೆಯರು ಗೊತ್ತು ಮಾಡಿಕೊಂಡಿದ್ದಾರೆ. ಸೆಕೆಂಡಿಗೆ 60 ಫ್ರೇಮು, ನಿಮಿಷಕ್ಕೆ 3,600. ಏಳರಿಂದ ಗುಣಿಸಿದರೆ 25,200 ಪಿಕ್ಸೆಲ್. ಇಂಚಿಗೆ 300 ಚುಕ್ಕೆಯ ಲೆಕ್ಕದಲ್ಲಿ ಅಚ್ಚು ಹಾಕಿಸಿದರೆ 84 ಇಂಚು, ಅಂದರೆ ಏಳಡಿ. ಮೆರವಣಿಗೆ ನಿಮಿಷಕ್ಕೆ ಏಳಡಿಯಂತೆ ಬೆಳೆಯುತ್ತದೆ. ಒಂದು ಗಂಟೆಯದನ್ನು ಪೂರಾ ಅಚ್ಚು ಹಾಕಿಸಿದರೆ 420 ಅಡಿ. ಅಷ್ಟು ಉದ್ದದ ಗೋಡೆ ಯಾರ ಮನೆಯಲ್ಲಿದೆ? ಮೆರವಣಿಗೆ ಮುಗಿದ ಮೇಲೆ ಮೂರು ನಿಮಿಷವನ್ನು ಆರಿಸಿ ಸುರುಳಿ ಕಾಗದದ ಮೇಲೆ ಹಾಕಿಸಿದರು: 21 ಅಡಿ ಉದ್ದ, ನಾಲ್ಕಿಂಚಿಗೂ ಕಡಿಮೆ ಎತ್ತರ. ಅವರ ಮನೆಯ ಗ್ಯಾರೇಜಿನಲ್ಲಿ ಕಾರನ್ನು ಹೊರಗೆ ನಿಲ್ಲಿಸಿ, ಅದನ್ನು ನೆಲದ ಮೇಲೆ ಬಿಚ್ಚಿ, ನಾವಿಬ್ಬರೂ ಮಂಡಿಯೂರಿ ನೋಡುತ್ತಾ ಹೋದೆವು.

ಮೊದಲು ಕಣ್ಣಿಗೆ ಬೀಳುವುದು ಬೂಟುಗಳು. ನೆಲಕ್ಕೂರಿದ ಕಾಲು ಒಂದರೆಗಳಿಗೆ ಸೀಳಿನ ಮುಂದೆ ಅಲ್ಲಾಡದೆ ನಿಲ್ಲುತ್ತದಲ್ಲ, ಹಾಗಾಗಿ ಅದು ಹಿಗ್ಗಿ ಮೊಳದುದ್ದದ ಬೂಟಾಗಿದೆ. ಗಾಳಿಯಲ್ಲಿ ಮುಂದಕ್ಕೆ ಬರುತ್ತಿದ್ದ ಇನ್ನೊಂದು ಕಾಲು ಕಡ್ಡಿಯಷ್ಟು ಸಣ್ಣ. ಹೈಸ್ಕೂಲು ಬ್ಯಾಂಡಿನ ಹುಡುಗ ಹುಡುಗಿಯರೆಲ್ಲ ಒಂದೇ ಅಳತೆಯ ಅಂತರದಲ್ಲಿ, ಸರಿಯಾದ ಮೈಕಟ್ಟಿನಲ್ಲಿ, ಉದ್ದನೆಯ ಒಂಟಿ ಬೂಟು ಹಾಕಿಕೊಂಡು ತೇಲುತ್ತಿದ್ದಾರೆ. ಸೈಕಲ್ಲಿನ ಚಕ್ರ ಗುಂಡಗೇ ಇದೆ, ಒಳಗಿನ ಕಡ್ಡಿಗಳು ಮಾತ್ರ ಬಿಲ್ಲಿನ ಹಾಗೆ ಬಾಗಿವೆ. ಅಗ್ನಿಶಾಮಕದವರ ಕೆಂಪು ಲಾರಿ ಮುಂದಿನವರಿಗೆ ದಾರಿ ಬಿಡಲು ನಿಧಾನಿಸಿದ ಕಡೆ ಲಾರಿ ಬೋಗಿಯ ಹಾಗೆ ಉದ್ದವಾಗಿದೆ. ಬೇಸ್‌ಬಾಲ್ ತಂಡದ ವೆಬ್ಲಿ ಎಂಬ ಕಪ್ಪೆವೇಷ ಜನರ ಕೈಕುಲುಕಲು ಆ ಕಡೆ ಈ ಕಡೆ ಹಾರಿದ್ದರಿಂದ ಅದಕ್ಕೆ ನಾಲ್ಕು ತಲೆ. ಮಿಠಾಯಿ ಹೆಕ್ಕಲು ಬೀದಿಗೆ ನುಗ್ಗಿದ ಮಗು ಒಂದು ಹಳದಿ ಗೀರು.

ಮಿಠಾಯಿ ಎರಚುತ್ತಾ ಹೋದವನೊಬ್ಬ ಚೀಲ ಖಾಲಿಯಾಯಿತೆಂದು ಹಿಂದಕ್ಕೆ ಓಡಿದ್ದಾನೆ. ಚಿತ್ರದಲ್ಲಿ ಅವನೂ ಎಲ್ಲರ ಜೊತೆ ಮುಂದಕ್ಕೇ ಹೋಗುತ್ತಿದ್ದಾನೆ! ಬಲಕ್ಕೆ ಹೋಗಲಿ ಎಡಕ್ಕೆ ಹೋಗಲಿ, ಸೀಳಿನ ಮುಂದೆ ಮೊದಲು ಬರುವುದು ಮೂಗು, ಆಮೇಲೆ ಬೆನ್ನು. ಅದಕ್ಕೇ ಎಲ್ಲರ ಮುಖವೂ ಒಂದೇ ದಿಕ್ಕಿಗೆ. ಅವನು ಹಿಂತಿರುಗಿದ್ದನೆಂಬುದಕ್ಕೆ ಉಳಿದ ಸಾಕ್ಷಿ ಒಂದೇ: ಅವನ ಅಂಗಿಯ ಮೇಲಿನ ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ತಿರುಗಿವೆ.

ಇನ್ನು ಎದುರು ದಂಡೆಯಲ್ಲಿ ಕೂತು ನೋಡಿದವರು? ಅವರು ಅಲ್ಲಾಡಲಿಲ್ಲ, ಆದ್ದರಿಂದ ಅವರು ಗೆರೆಗಳು. ನೀಲಿ ಕುರ್ಚಿ ನೀಲಿ ಗೆರೆ, ಹುಲ್ಲಿನ ಟೋಪಿ ಬಿಳಿಚು ಹಳದಿ ಗೆರೆ. ಆಗಾಗ ಮುಂದಕ್ಕೆ ಬಾಗಿ ನೋಡಿದವರ ಗೆರೆ ಸ್ವಲ್ಪ ಅಲೆಯಾಗಿದೆ. ಮೆರವಣಿಗೆಯ ಹಿಂದೆ, 21 ಅಡಿಯುದ್ದಕ್ಕೂ, ಈ ಬಣ್ಣಬಣ್ಣದ ಗೆರೆಗಳ ಅಂಚು ಸೀರೆಯ ಅಂಚಿನಷ್ಟು ನೇರ.

ಫೋಟೊ ಕಲೆ ಹುಟ್ಟಿದಾಗಿನಿಂದಲೂ ಜನಜಂಗುಳಿ ಅದಕ್ಕೆ ಸವಾಲು. 1838ರಲ್ಲಿ ಡಾಗೇರ್ ಎಂಬಾತ ಪ್ಯಾರಿಸಿನ ಬುಲೆವಾರ್ ದ್ಯು ತಾಂಪ್ಲ್ ಬೀದಿಯ ಚಿತ್ರ ತೆಗೆದ. ಬೀದಿ ತುಂಬ ಜನ, ಗಾಡಿ, ಕುದುರೆ. ಆದರೆ ಒಂದು ಚಿತ್ರಕ್ಕೆ ಹಲವು ನಿಮಿಷ ಬೆಳಕು ಬಿಡಬೇಕಾಗಿದ್ದ ಕಾಲ. ನಡೆಯುತ್ತಿದ್ದವರೆಲ್ಲ ಮಾಯವಾಗಿ, ಬೂಟು ಪಾಲಿಶ್ ಮಾಡಿಸಿಕೊಳ್ಳಲು ಒಂಟಿ ಕಾಲೆತ್ತಿ ನಿಂತಿದ್ದ ಒಬ್ಬನೂ ಪಾಲಿಶ್ ಮಾಡುತ್ತಿದ್ದವನೂ ಮಾತ್ರ ಉಳಿದರು. ಆಮೇಲಿನ ನೂರು ವರ್ಷ ಎಲ್ಲರೂ ಇದನ್ನು ಕೊರತೆಯೆಂದೇ ತಿಳಿದು, ಶಟರನ್ನು ಚುರುಕು ಮಾಡುತ್ತಾ ಹೋದರು. ಕೊರತೆಯನ್ನೇ ಬೇಕೆಂದು ಹಿಡಿದುಕೊಂಡವರು ಕಡಿಮೆ. ಸೋವಿಯತ್ ಒಕ್ಕೂಟ ಮುರಿದ ಹೊಸತರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ಅಲೆಕ್ಸಿ ಟಿಟರೆಂಕೊ ಒಂದು ಮೆಟ್ರೊ ಸ್ಟೇಷನ್ನಿನ ಮೆಟ್ಟಿಲಿನೆದುರು ಕ್ಯಾಮೆರಾ ಇಟ್ಟು, ಹತ್ತುವ ಇಳಿಯುವ ಜನರನ್ನು ನಿಧಾನದ ಶಟರಿನಲ್ಲಿ ಹಿಡಿದ. ಮುಖಗಳಿಲ್ಲ, ಮೈಗಳೆಲ್ಲ ಸೇರಿ ಒಂದೇ ಹೊಗೆ. ಕಟಕಟೆಯ ಕಂಬಿಯನ್ನು ಹಿಡಿದ ಕೈಗಳು ಮಾತ್ರ ಸ್ಪಷ್ಟ. ಈಗ ಫೋನಿನಲ್ಲಿ ಬೆರಳೊತ್ತಿದರೆ ಅಂಥ ಹೊಗೆ ಬರುತ್ತದೆ, ಹತ್ತರಲ್ಲಿ ಒಂಬತ್ತು ಬರೀ ಗಿಮಿಕ್ಕು. ಟಿಟರೆಂಕೊನ ಹೊಗೆಯಲ್ಲಿ ಆ ವರ್ಷಗಳ ಹಸಿವು, ಕ್ಯೂ, ಚಳಿ ಎಲ್ಲ ಇದೆ.

ಇದಕ್ಕೆ ತದ್ವಿರುದ್ಧವಾದ ಹುಚ್ಚೂ ಇತ್ತು. 1918ರಲ್ಲಿ ಆರ್ಥರ್ ಮೋಲ್ ಎಂಬಾತ ಅಯೋವದ ಸೈನಿಕ ಶಿಬಿರದಲ್ಲಿ 18,000 ಸಿಪಾಯಿಗಳನ್ನು ಮೈದಾನದಲ್ಲಿ ನಿಲ್ಲಿಸಿ, ಎತ್ತರದ ಅಟ್ಟಣೆಯಿಂದ ನೋಡಿದರೆ ಸ್ವಾತಂತ್ರ್ಯ ದೇವತೆಯ ಆಕಾರ ಕಾಣುವಂತೆ ಚಿತ್ರ ತೆಗೆದ. ದೂರದಲ್ಲಿದ್ದ ಪಂಜಿನ ಉರಿಯೊಂದಕ್ಕೇ ಸುಮಾರು 12,000 ಜನ ಬೇಕಾದರಂತೆ. ಅದ್ಭುತವೇ ಸರಿ. ನನಗೇನೋ ಅಲ್ಲಿ ಮನುಷ್ಯರು ಇಟ್ಟಿಗೆಯಾದ ಹಾಗೆ ಕಂಡು ಕಸಿವಿಸಿಯಾಗುತ್ತದೆ.

ಎವರೆಟ್‌ಗೆ ತನ್ನದೇ ಒಬ್ಬ ಉದ್ದಚಿತ್ರದ ಕಸುಬುದಾರನಿದ್ದ. ಕಾಲ್ಬಿಯ ಪಕ್ಕದ ಹಾಯ್ಟ್ ಅವೆನ್ಯೂವಿನಲ್ಲಿ ಸಾರ್ವಜನಿಕ ಗ್ರಂಥಾಲಯವಿದೆ. ಅಲ್ಲಿನ ನಾರ್ತ್‌ವೆಸ್ಟ್ ರೂಮಿನ ಸಂಗ್ರಹದಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಇಲ್ಲಿ ಸ್ಟುಡಿಯೊ ನಡೆಸುತ್ತಿದ್ದ ಜೆ. ಎ. ಜೂಲೀನ್‌ನ ಪನೋರಮಾಗಳಿವೆ. ಆ ಕಾಲದ ಉದ್ದಚಿತ್ರಗಳಿಗೆ ಹೆಸರಾಗಿದ್ದುದು 1904ರ ಹೊತ್ತಿಗೆ ಬಂದ ಸರ್ಕಟ್ ಎಂಬ ಕ್ಯಾಮೆರಾ. ಕೀಲಿ ಕೊಟ್ಟ ಗಡಿಯಾರದ ಯಂತ್ರದಿಂದ ಕ್ಯಾಮೆರಾ ಮುಕ್ಕಾಲಿಯ ಮೇಲೆ ಮೆಲ್ಲಗೆ ತಿರುಗುತ್ತದೆ, ಒಳಗೆ ಫಿಲ್ಮು ಅದೇ ಲಯದಲ್ಲಿ ಒಂದು ಸೀಳಿನ ಹಿಂದೆ ಸರಿಯುತ್ತದೆ. ಶಾಲೆಯ ಗುಂಪುಚಿತ್ರ ತೆಗೆಯುವಾಗ ಎಡತುದಿಯಲ್ಲಿ ನಿಂತ ತುಂಟ ಹುಡುಗ, ಕ್ಯಾಮೆರಾ ತನ್ನನ್ನು ದಾಟಿದ ಕೂಡಲೇ ಹಿಂದಿನಿಂದ ಓಡಿ ಬಲತುದಿಯಲ್ಲಿ ಹೋಗಿ ನಿಲ್ಲುತ್ತಿದ್ದ. ಚಿತ್ರದ ಎರಡೂ ಕೊನೆಯಲ್ಲಿ ಅವನೇ ಹಲ್ಲು ಕಿರಿಯುತ್ತಿದ್ದ. ಗೆಳೆಯರ ಕ್ಯಾಮೆರಾ ಸರ್ಕಟ್‌ನ ತಮ್ಮ. ಅದು ತಿರುಗಿ ಊರನ್ನು ಸುತ್ತಿಕೊಂಡಿತು, ಇದು ನಿಂತು ಊರನ್ನು ಸುತ್ತಿಸಿಕೊಳ್ಳುತ್ತದೆ.

ಈ ಬೀದಿಯ ಜಂಗುಳಿ ಯಾವಾಗಲೂ ಇಷ್ಟು ಶಿಸ್ತಾಗಿರಲಿಲ್ಲ. 1893ರಲ್ಲಿ ನಗರವಾದ ಎವರೆಟ್‌ಗೆ ಹಣ ಹೂಡಿದವರ ಹೆಸರೇ ಬೀದಿಬೀದಿಗೂ: ಕಾಲ್ಬಿ, ಹಾಯ್ಟ್, ವೆಟ್‌ಮೋರ್, ರಾಕ್‌ಫೆಲ್ಲರ್. ಊರಿನ ಹೆಸರು ಕೂಡ ಕಾಲ್ಬಿ ಸಾಹುಕಾರನ ಮಗನದು. ಅದೇ ವೆಟ್‌ಮೋರ್ ಮತ್ತು ಹೀವಿಟ್ ಬೀದಿಗಳು ಕೂಡುವ ಮೂಲೆಯಲ್ಲಿ 1916ರಲ್ಲಿ ಮಿಲ್ಲು ಕಾರ್ಮಿಕರ ಪರವಾಗಿ ಪೆಟ್ಟಿಗೆಯ ಮೇಲೆ ಹತ್ತಿ ಭಾಷಣ ಮಾಡಿದವರನ್ನು ಹಿಡಿದು ಬಡಿದರು. ನವೆಂಬರ್ 5ರ ಭಾನುವಾರ ಸಿಯಾಟಲ್‌ನಿಂದ ಐಡಬ್ಲ್ಯುಡಬ್ಲ್ಯು ಎಂಬ ಕಾರ್ಮಿಕ ಸಂಘಟನೆಯ ಇನ್ನೂರೈವತ್ತರಷ್ಟು ಜನ ವೆರೋನ ಎಂಬ ಸ್ಟೀಮರಿನಲ್ಲಿ ಹಾಡುತ್ತಾ ಬಂದರು. ಹೀವಿಟ್ ಬೀದಿಯ ಕೊನೆಯ ಧಕ್ಕೆಯಲ್ಲಿ ಶೆರಿಫನೂ ಅವನ ಬಂದೂಕಿನವರೂ ಕಾದಿದ್ದರು. ನಿಮ್ಮ ನಾಯಕ ಯಾರು ಅಂತ ಕೇಳಿದ್ದಕ್ಕೆ ಹಡಗಿನಿಂದ ಬಂದ ಉತ್ತರ, ನಾವೆಲ್ಲರೂ ನಾಯಕರೇ ಅಂತ. ಗುಂಡು ಹಾರಿದವು. ಕಾರ್ಮಿಕರ ಕಡೆ ಕನಿಷ್ಠ ಐವರು, ಶೆರಿಫನ ಕಡೆ ಇಬ್ಬರು ಸತ್ತರು. ಮೊಕದ್ದಮೆ ಹೂಡಿದ್ದು ಕಾರ್ಮಿಕರ ಮೇಲೆ, 74 ಜನರ ಮೇಲೆ. ಮೊದಲ ಆರೋಪಿ ಮರುವರ್ಷ ಖುಲಾಸೆಯಾದ. ಜೈಲಿನಲ್ಲಿ ತೆಗೆದ ಆ ಗಂಡಸರ ಮುಖಗಳು ಒಂದೊಂದೂ ಸ್ಪಷ್ಟ, ಒಬ್ಬೊಬ್ಬರನ್ನೂ ಬೇರೆ ಮಾಡಿ ತೆಗೆದವು. ಜನಜಂಗುಳಿಯನ್ನು ಒಡೆಯಲು ಕ್ಯಾಮೆರಾಕ್ಕೆ ಗೊತ್ತಿರುವ ಹಳೆಯ ದಾರಿ ಅದು. ಇವತ್ತು ಪ್ರತಿಭಟನೆಗಳಿಗೆ ಹೋಗುವ ಕೆಲವು ಛಾಯಾಗ್ರಾಹಕರು ಬೇಕೆಂದೇ ಶಟರ್ ನಿಧಾನ ಮಾಡಿ ಮುಖಗಳನ್ನು ಕರಗಿಸುವುದು ಸೊಗಸಿಗಾಗಿ ಮಾತ್ರವಲ್ಲ.

ಗ್ಯಾರೇಜಿನ ನೆಲದ ಮೇಲೆ ಗೆಳೆಯರು ಎರಡನೆಯ ಸುರುಳಿ ಬಿಚ್ಚಿದರು. ಇದು ನಂಜನಗೂಡಿನ ದೊಡ್ಡ ಜಾತ್ರೆ, ಅವರು ರಜೆಗೆ ಹೋದಾಗ ರಥಬೀದಿಯ ಮಹಡಿಯೊಂದರಿಂದ ತೆಗೆದದ್ದು. ಶ್ರೀಕಂಠೇಶ್ವರನ ದೊಡ್ಡ ತೇರು, ಗಣಪತಿ, ಪಾರ್ವತಿ, ಸುಬ್ರಹ್ಮಣ್ಯ, ಚಂಡಿಕೇಶ್ವರ, ಒಟ್ಟು ಐದು ತೇರಿನ ಪಂಚಮಹಾರಥೋತ್ಸವ. ಅದೇ ಕ್ಯಾಮೆರಾ, ಅದೇ ಲೆಕ್ಕ. ಚಿತ್ರ ಮಾತ್ರ ಗುರುತೇ ಸಿಗದಷ್ಟು ಬೇರೆ.

ಕಾಲ್ಬಿಯ ಸುರುಳಿಯಲ್ಲಿದ್ದ ಆ ನೇರ ಗೆರೆಗಳ ಅಂಚು ಇಲ್ಲಿ ಇಲ್ಲವೇ ಇಲ್ಲ. ಹುಡುಕಿದೆ, ದೂರದ ಗೋಡೆ, ಕರೆಂಟು ಕಂಬ ಗೆರೆಯಾಗಿವೆ, ಮನುಷ್ಯರು ಯಾರೂ ಆಗಿಲ್ಲ. ಯಾಕೆಂದರೆ ಸುಮ್ಮನೆ ಕೂತು ನೋಡಿದವರು ಯಾರೂ ಇಲ್ಲ. ಅಲ್ಲಿ ಬೀದಿಯ ಅಂಚಿನ ಕಲ್ಲು ಜನರನ್ನು ಎರಡು ಪಾಲು ಮಾಡಿತ್ತು: ನಡೆಯುವವರು, ನೋಡುವವರು. ಇಲ್ಲಿ ನೋಡಲು ಬಂದವರೇ ಹಗ್ಗ ಹಿಡಿದಿದ್ದಾರೆ, ಹಗ್ಗ ಸಿಗದವರು ಹಗ್ಗ ಹಿಡಿದವರ ಹೆಗಲು ಹಿಡಿದಿದ್ದಾರೆ, ಅದೂ ಸಿಗದವರು ಹಣ್ಣು-ದವನ ಎಸೆಯಲು ಮುಂದಕ್ಕೆ ಹಿಂದಕ್ಕೆ ತೂರಾಡುತ್ತಿದ್ದಾರೆ. ಒಬ್ಬಳೇ ಹೆಂಗಸು ಮೂರು ಕಡೆ ಸಿಕ್ಕಿದಳು, ಹಸಿರು ಸೀರೆ, ಸೊಂಟದಲ್ಲಿ ಮಗು, ಒಮ್ಮೆ ತೆಳ್ಳಗೆ, ಒಮ್ಮೆ ಅಗಲವಾಗಿ, ಮೂರನೆಯ ಸಲ ಮಗು ಬೇರೆಯವರ ಸೊಂಟದಲ್ಲಿ. ತೇರಂತೂ ಕ್ಯಾಮೆರಾದ ಲೆಕ್ಕವನ್ನೇ ಧಿಕ್ಕರಿಸಿಬಿಟ್ಟಿದೆ. ಅದು ಬ್ಯಾಂಡಿನ ಹಾಗೆ ಬರುವುದಿಲ್ಲ. ಎಳೆದಾಗ ನಾಲ್ಕು ಮಾರು ಬರುತ್ತದೆ, ನಿಲ್ಲುತ್ತದೆ, ಚಕ್ರಕ್ಕೆ ಅಡ್ಡ ಮರ ಕೊಡುತ್ತಾರೆ, ಮತ್ತೆ ಕೂಗು, ಮತ್ತೆ ಎಳೆತ. ನಿಂತಾಗೆಲ್ಲ ತೇರೇ ಗೆರೆಯಾಗಿ ಅಡಿಗಟ್ಟಲೆ ಹರಿದಿದೆ: ಕೆಂಪು ಬಿಳಿ ಬಾವುಟಗಳ ಪಟ್ಟೆ, ಕಬ್ಬಿನ ಹಸಿರು ಪಟ್ಟೆ, ಹೂವಿನ ಹಳದಿ ಪಟ್ಟೆ. ಹೊರಟ ಕೂಡಲೇ ಒಂದು ಚಕ್ರ ಕಾಣುತ್ತದೆ, ಅರ್ಧ ಕಂಬ ಕಾಣುತ್ತದೆ, ಮತ್ತೆ ಪಟ್ಟೆ. ಎಲ್ಲಿ ಎಷ್ಟು ಹೊತ್ತು ನಿಂತಿತು ಅಂತ ಟೇಪು ಹಿಡಿದು ಅಳೆಯಬಹುದು. ‘ಈ ಹನ್ನೊಂದಡಿ ಇದ್ಯಲ್ಲ ಸಾರ್, ಇದು ಮಂಗಳಾರತಿ’ ಎಂದರು ಗೆಳೆಯರು.

ಅವರು ಕೆಲಸ ಮಾಡುವುದು ಎವರೆಟ್‌ನ ಊರಾಚೆಯ ವಿಮಾನ ಕಾರ್ಖಾನೆಯಲ್ಲಿ, ಗಾತ್ರದ ಲೆಕ್ಕದಲ್ಲಿ ಲೋಕದಲ್ಲೇ ದೊಡ್ಡ ಕಟ್ಟಡವೆನ್ನುವ ಬೋಯಿಂಗ್ ಕಟ್ಟಡದೊಳಗೆ. ಅಲ್ಲಿ 777 ವಿಮಾನದ ಜೋಡಣೆಯ ಸಾಲು ನಿಮಿಷಕ್ಕೆ ಸುಮಾರು ನಾಲ್ಕು ಸೆಂಟಿಮೀಟರಿನಂತೆ ತೆವಳುವ ಹಾಗೆ ಒಂದು ಕಾಲದಲ್ಲಿ ಏರ್ಪಾಡು ಮಾಡಿದ್ದರು. ಅಂಥ ನಿಧಾನದ ಮೆರವಣಿಗೆಯ ನಡುವೆ ದುಡಿಯುವವರಿಗೆ ವೇಗದ ಲೆಕ್ಕ ತಲೆಗೆ ಹತ್ತಿದ್ದರಲ್ಲಿ ಆಶ್ಚರ್ಯವೇನಿಲ್ಲ.

ಎರಡು ಸುರುಳಿಗಳನ್ನು ಅಕ್ಕಪಕ್ಕ ಇಟ್ಟು ನೋಡುವಾಗ ನನಗೆ ನೆನಪಾದದ್ದು ಹಂಪಿಯ ಹಜಾರರಾಮ ಗುಡಿಯ ಹೊರಗೋಡೆ. ಸಾಲು ಸಾಲಾಗಿ, ಕೆಳಗೆ ಆನೆಗಳು, ಅದರ ಮೇಲೆ ಕುದುರೆಗಳು, ಕಾಲಾಳುಗಳು, ಕುಣಿಯುವ ಹೆಂಗಸರು. ಹದಿನೈದನೆಯ ಶತಮಾನದ ಕಲ್ಲುಕುಟಿಗರು ಮಹಾನವಮಿಯ ವೈಭವವನ್ನು ಒಂದು ಚೌಕಟ್ಟಿನೊಳಗೆ ತುರುಕಲು ಹೋಗಲಿಲ್ಲ; ಉದ್ದಕ್ಕೆ ಬಿಟ್ಟರು. ಮೈಸೂರು ಅರಮನೆಯ ಕಲ್ಯಾಣಮಂಟಪದ ಗೋಡೆಗಳ ಮೇಲೆ 1934ರಿಂದ 1945ರವರೆಗೆ ಮೈಸೂರಿನ ಕಲಾವಿದರು ಬರೆದ 26 ದಸರಾ ಚಿತ್ರಗಳದ್ದೂ ಅದೇ ಹಾದಿ. ನಿಜವಾದ ಮೆರವಣಿಗೆಯ ಫೋಟೊಗಳನ್ನು ಮುಂದಿಟ್ಟುಕೊಂಡು ಬರೆದದ್ದರಿಂದ ಅವುಗಳಲ್ಲಿ ಮುಖಗಳಿವೆ, ರುಮಾಲಿನ ಮಡಿಕೆಗಳಿವೆ, ಆದರೂ ಒಂದು ಕ್ಷಣದ ಫೋಟೊಕ್ಕೆ ಆಗದ ಕೆಲಸವನ್ನು ಕುಂಚ ಮಾಡಿದೆ: ನೋಡುವವನು ನಡೆದರೆ ಮೆರವಣಿಗೆ ನಡೆಯುತ್ತದೆ. ಸೆಕೆಂಡಿನ ಸಾವಿರದಲ್ಲೊಂದು ಭಾಗದಲ್ಲಿ ಅಂಬಾರಿಯನ್ನು ಹಿಡಿದ ಚಿತ್ರದಲ್ಲಿ 750 ಕಿಲೊ ತೂಗುವ ಚಿನ್ನದ ಅಂಬಾರಿ ಇರುತ್ತದೆ, ಆನೆ ಇರುತ್ತದೆ. ಗಂಟೆಗಟ್ಟಲೆ ಕಾಲು ಬದಲಿಸುತ್ತಾ ಕಾದದ್ದು, ‘ಬಂತು ಬಂತು’ ಅನ್ನುವ ಸದ್ದು ಬೀದಿಯ ಆ ತುದಿಯಿಂದ ಹಬ್ಬಿದ್ದು, ಹೋದ ಮೇಲೆ ಉಳಿದ ಲದ್ದಿಯ ವಾಸನೆ ಯಾವುದೂ ಇರುವುದಿಲ್ಲ. ಬೀದಿಬದಿಯಲ್ಲಿ ನಿಂತವನಿಗೆ ಮೆರವಣಿಗೆ ಎಂದರೆ ಸರದಿ. ಕ್ಷಣವನ್ನು ಹಿಡಿಯುವ ಚಪಲ ಬಿಟ್ಟ ಕ್ಯಾಮೆರಾಗಳೇ ಅದಕ್ಕೆ ನ್ಯಾಯ ಮಾಡಿವೆ ಎಂದು ನನ್ನ ಎಣಿಕೆ.

ರಾತ್ರಿಯ ಉತ್ಸವಗಳಿಗೆ ಈ ಸೀಳಿನ ಉಪಾಯ ಅಷ್ಟಾಗಿ ಒಗ್ಗುವುದಿಲ್ಲ, ಬೆಳಕು ಸಾಲದು. ಅಲ್ಲಿ ಶಟರು ತೆರೆದಿಡುವುದೇ ದಾರಿ. ಬೆಂಗಳೂರಿನ ತಿಗಳರಪೇಟೆಯಲ್ಲಿ ಚೈತ್ರ ಹುಣ್ಣಿಮೆಯ ನಡುರಾತ್ರಿ ಕರಗ ಹೊರಬಿದ್ದಾಗ ಅರ್ಧ ಸೆಕೆಂಡು ತೆರೆದಿಟ್ಟರೂ ಸಾಕು, ಮಲ್ಲಿಗೆಯ ಕರಗ ಬೆಳ್ಳನೆಯ ಹೊಳೆಯಾಗಿ ಹರಿಯುತ್ತದೆ, ವೀರಕುಮಾರರ ಕತ್ತಿಗಳು ಅದರ ದಡ. ಮೈಸೂರಿನ ಬನ್ನಿಮಂಟಪದ ಪಂಜಿನ ಕವಾಯತಿನಲ್ಲಿ ಇನ್ನೂ ಉದ್ದಕ್ಕೆ ಬಿಡಬಹುದು. ಸಿಯಾಟಲ್‌ನಲ್ಲೂ ಬೇಸಿಗೆಯಲ್ಲಿ ಸೀಫೇರ್ ಹಬ್ಬದ ಪಂಜಿನ ಮೆರವಣಿಗೆ ಇದೆ. ಅದರಲ್ಲಿ 1952ರಿಂದ ಇರುವ ಚೀನೀ ಹೆಣ್ಣುಮಕ್ಕಳ ಕವಾಯತು ತಂಡ ನಡೆಯುತ್ತದೆ, ತಲೆಯ ಮೇಲೆ ಚೀನೀ ಸಂಗೀತನಾಟಕದ ಉದ್ದನೆಯ ಗರಿಗಳು. ನಿಧಾನದ ಶಟರಿನಲ್ಲಿ ಹುಡುಗಿಯರು ಕರಗಿ ಗರಿಗಳ ಬಾಗು ಮಾತ್ರ ಉಳಿಯುತ್ತದೆ. ಫ್ರೀಮಾಂಟ್ ಬಡಾವಣೆಯಲ್ಲಿ 1989ರಿಂದ ಜೂನ್ ತಿಂಗಳಲ್ಲಿ ನಡೆಯುವ ಮೆರವಣಿಗೆಯ ಕಟ್ಟಳೆ ನನಗೆ ಬಹಳ ಇಷ್ಟ: ಅಚ್ಚಾದ ಅಕ್ಷರ ಕೂಡದು, ಕಂಪನಿಗಳ ಗುರುತು ಕೂಡದು, ಮೋಟಾರು ಗಾಡಿ ಕೂಡದು. ಮೈಗೆ ಬಣ್ಣ ಬಳಿದುಕೊಂಡು, ಬಣ್ಣವನ್ನಷ್ಟೇ ಉಟ್ಟುಕೊಂಡು ಸೈಕಲ್ ತುಳಿಯುವವರ ದಂಡೂ ಅಲ್ಲಿ ಬರುತ್ತದೆ. ನಮ್ಮೂರಿಂದ ಬಂದ ಅಪ್ಪ-ಅಮ್ಮಂದಿರನ್ನು ಕರೆದುಕೊಂಡು ಹೋಗುವ ಮುನ್ನ ಎರಡು ಸಲ ಯೋಚಿಸಿ. ಸೀಳಿನ ಕ್ಯಾಮೆರಾದಲ್ಲಿ ಆ ಸೈಕಲ್ಲಿನವರು ಮರ್ಯಾದೆಯ ಬಣ್ಣದ ಗೀರುಗಳು.

ರಾಜ್ಯೋತ್ಸವಕ್ಕೆ ಇಲ್ಲಿನ ಕನ್ನಡದವರು ಬಾಡಿಗೆಗೆ ಹಿಡಿದಿದ್ದ ಶಾಲೆಯ ಓಣಿಯಲ್ಲಿ ಗೆಳೆಯರು ಎರಡೂ ಸುರುಳಿಗಳನ್ನು ಎದುರುಬದುರು ಗೋಡೆಗೆ ಅಂಟಿಸಿದ್ದರು. ಒಂದು ಕಡೆ ಕಾಲ್ಬಿ, ಇನ್ನೊಂದು ಕಡೆ ರಥಬೀದಿ. ಊಟದ ಕ್ಯೂ ಅದರ ನಡುವೆಯೇ ಹಾದುಹೋಗಿತ್ತು. ಬಿಸಿಬೇಳೆಬಾತಿನ ತಟ್ಟೆ ಹಿಡಿದವರು ಒಂದೊಂದೇ ಹೆಜ್ಜೆ ಸರಿಯುತ್ತಾ, ಪಕ್ಕದ ಗೋಡೆ ನೋಡುತ್ತಾ, ಏನಿದು ಬಣ್ಣದ ಪಟ್ಟೆ ಎಂದು ಮೂತಿ ಮುಂದೆ ತಂದು, ಆಮೇಲೆ ಸಣ್ಣಸಣ್ಣ ಮನುಷ್ಯರನ್ನು ಕಂಡು ನಿಂತುಬಿಡುತ್ತಿದ್ದರು, ಹಿಂದಿನವರು ಗೊಣಗುತ್ತಿದ್ದರು. ಮಗಳ ಮನೆಗೆ ಬಂದಿದ್ದ ಅಜ್ಜಿಯೊಬ್ಬರು ರಥಬೀದಿಯ ಕಡೆ ಕನ್ನಡಕ ಏರಿಸಿ, ‘ನಂಜುಂಡೇಶ್ವರನ ತೇರು ಅಂದ್ರಲ್ಲಪ್ಪಾ, ತೇರೆಲ್ಲಿ?’ ಎಂದು ಕೇಳಿದರು.

‘ಕ್ಯೂ ಸರೀಲಿ ಅಮ್ಮಾ’ ಎಂದರು ಗೆಳೆಯರು, ‘ಇನ್ನೊಂದ್ ಹತ್ ಹೆಜ್ಜೆ. ಬರ್ತಾ ಇದೆ.’